ಹಿಡಿ ಹುರುಳಿ ಹೇಳುವ ಪಾಠ

ಅದು 1443ನೇ ಇಸವಿ. ಕಲ್ಲಿಕೋಟೆಯಿಂದ ಹೊರಟ ಹಡಗೊಂದು ಮಂಗಳೂರಿನ ಬಂದರನ್ನು ಮುಟ್ಟಿತು. ಅದರಿಂದ ಇಳಿದವನು ಅಬ್ದುಲ್ ರಝಾಕ್. ದೂರದ ಹೆರಾತಿನಲ್ಲಿ ಆಳುತ್ತಿದ್ದ ಷಾ ರುಖ್ ದೊರೆಯ ರಾಯಭಾರಿ. ಮಂಗಳೂರನ್ನು ವಿಜಯನಗರ ಸಾಮ್ರಾಜ್ಯದ ಗಡಿ ಎಂದು ಬರೆದುಕೊಂಡ ಆತ ಇಲ್ಲಿ ಎರಡು ಮೂರು ದಿನ ತಂಗಿ, ಘಟ್ಟ ಹತ್ತಿ ಇಮ್ಮಡಿ ದೇವರಾಯನ ಆಸ್ಥಾನ ಸೇರಿದ. ಅಲ್ಲಿ ಅವನು ಅರಸನಿಗೆ ಒಪ್ಪಿಸಿದ ಕಾಣಿಕೆಯಲ್ಲಿ ರೇಷ್ಮೆ ಬಟ್ಟೆಗಳ ಜೊತೆಗೆ ಐದು ಕುದುರೆಗಳಿದ್ದವು. ಒಬ್ಬ ದೊರೆ ಇನ್ನೊಬ್ಬ ದೊರೆಗೆ ಕೊಡಬಹುದಾಗಿದ್ದ ಘನವಾದ ಕಾಣಿಕೆ ಅಂದು ಕುದುರೆಯೇ ಆಗಿತ್ತು.

ದಕ್ಷಿಣ ಭಾರತದ ಹವೆ ಕುದುರೆಗೆ ಒಗ್ಗುತ್ತಿರಲಿಲ್ಲ. ಇಲ್ಲಿ ಹುಟ್ಟಿದ ತಳಿಗಳು ಗಿಡ್ಡವಾಗಿದ್ದವು. ಹೀಗಾಗಿ ಹೋರ್ಮುಜ್, ಏಡನ್‌ಗಳಿಂದ ಹಡಗು ಹಡಗಾಗಿ ಕುದುರೆಗಳು ಬಂದವು. ಹೊನ್ನಾವರ, ಭಟ್ಕಳ, ಗೋವಾಗಳು ಈ ವ್ಯಾಪಾರದಿಂದ ಬೆಳೆದವು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಪ್ರವಾಸಿ ನ್ಯೂನಿಜ್ ಒಂದು ಸ್ವಾರಸ್ಯದ ಸಂಗತಿ ಹೇಳುತ್ತಾನೆ. ಸಾಳುವ ನರಸಿಂಹ ದೊರೆ ಸಾವಿರ ಪರ್ದಾವ್‌ಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ. ದಾರಿಯಲ್ಲಿ ಕುದುರೆ ಸತ್ತರೆ ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿದ ಕುದುರೆಯ ಬೆಲೆಯೇ ಸಿಗುತ್ತಿತ್ತು!

ಇಷ್ಟು ಬೆಲೆ ತೆತ್ತು ತಂದ ಪ್ರಾಣಿಯ ಪಾಡು ಏನು? ಸಮುದ್ರದಲ್ಲಿ ಹೊಯ್ದಾಡುತ್ತ ಬಂದ ಅದಕ್ಕೆ ನೆಲ ಹೊಸತು, ಮೇವು ಹೊಸತು, ಕೇಳಿಬರುವ ಮಾತೂ ಹೊಸತು. ದಕ್ಷಿಣಕ್ಕೆ ಬಂದ ಕುದುರೆಗಳು ಸರಿಯಾದ ಆರೈಕೆ ತಿಳಿದವರಿಲ್ಲದೆ ಸಾಯುತ್ತವೆಂದು ಮಾರ್ಕೊ ಪೋಲೊ 13ನೇ ಶತಮಾನದ ಕೊನೆಯಲ್ಲೇ ಬರೆದಿದ್ದ. ಬದುಕುಳಿದವುಗಳ ಬೆನ್ನ ಮೇಲೆ ಏರಿ ಯುದ್ಧ ಗೆದ್ದವರ ಹೆಸರು ಚರಿತ್ರೆಯಲ್ಲಿದೆ. ಆದರೆ ಏರುವ ಮೊದಲು, ಅದರ ಪಕ್ಕದಲ್ಲಿ ನೆಲದ ಮೇಲೆ ನಿಂತು, ಅದರ ಅಂಜಿಕೆ ಬಿಡಿಸಿದವರು ಯಾರು? ಬಿಡಿಸಿದ್ದು ಹೇಗೆ?

ಕುದುರೆ ಕಾಣದ ನಾಡಿನಲ್ಲಿ

ತುಳುನಾಡು ಕುದುರೆಯ ನಾಡಲ್ಲ. ಆರು ತಿಂಗಳ ಮಳೆ, ಕೆಸರುಗದ್ದೆ, ಹೊಳೆ ಹಳ್ಳಗಳ ನಡುವೆ ಅದಕ್ಕೆ ಕೆಲಸವಿರಲಿಲ್ಲ. ಇಲ್ಲಿ ಉತ್ತದ್ದು ಕೋಣ, ಎತ್ತು. ಆದರೂ ಕುದುರೆ ಇಲ್ಲಿಯವರ ಕಲ್ಪನೆಯೊಳಗೆ ಗಟ್ಟಿಯಾಗಿ ನಿಂತಿದೆ. ತುಳುವರ ಬೆರ್ಮೆರ್ ಕುದುರೆಯೇರಿ ಖಡ್ಗ ಹಿಡಿದ ವೀರನಾಗಿಯೇ ಕಾಣಿಸಿಕೊಳ್ಳುತ್ತಾನೆ.

ಕುದುರೆಯ ಇನ್ನೊಂದು ಗುರುತು ನಮ್ಮ ಅಡುಗೆಮನೆಯಲ್ಲೇ ಇದೆ. ಕನ್ನಡದ ಹುರುಳಿ, ತುಳುವಿನ ಕುಡು ಇಂಗ್ಲಿಷರ ಬಾಯಲ್ಲಿ 'ಹಾರ್ಸ್ ಗ್ರಾಮ್' ಆಯಿತು. ಘಟ್ಟದ ಮೇಲೆ ಹುರುಳಿಯನ್ನು ಬೇಯಿಸಿ ಕುದುರೆಗೆ ಹಾಕುತ್ತಿದ್ದುದೇ ಈ ಹೆಸರಿಗೆ ಕಾರಣ. ಕರಾವಳಿಯಲ್ಲಿ ಅದೇ ಹುರುಳಿಯನ್ನು ಕಂಬಳದ ಕೋಣಗಳಿಗೆ ಬೇಯಿಸಿ ಹಾಕುತ್ತಾರೆ. ಪ್ರಾಣಿ ಬೇರೆ, ಕಾಳು ಒಂದೇ.

ಈ ಕಾಳಿನಲ್ಲಿ ಕೇವಲ ಬಲವಲ್ಲ, ಒಂದು ವಿದ್ಯೆಯೂ ಇದೆ. ಹೊಟ್ಟೆಗೆ ಹಾಕಿದರೆ ಅದು ಮೇವು. ಹೇಳಿದ ಕೆಲಸ ಮಾಡಿದ ಆ ಕ್ಷಣಕ್ಕೆ ಸರಿಯಾಗಿ ಅಂಗೈಯಲ್ಲಿ ಹಿಡಿದರೆ ಅದೇ ಪಾಠ. ಇಂದು ಜಗತ್ತಿನ ಅನೇಕ ಕಡೆ ಕುದುರೆ ಪಳಗಿಸುವವರು ಅನುಸರಿಸುತ್ತಿರುವ, ವಿಜ್ಞಾನಿಗಳು 'ಧನಾತ್ಮಕ ಪ್ರಚೋದನೆ' ಎಂದು ಕರೆಯುವ ಕ್ರಮದ ತಿರುಳು ಇಷ್ಟೇ. ತಪ್ಪಿಗೆ ಹೊಡೆತವಲ್ಲ, ಸರಿಗೆ ಸಿಹಿ.

ಏರುವ ಮುನ್ನ

ಕುದುರೆ ಬೇಟೆಗಾರ ಪ್ರಾಣಿಯಲ್ಲ, ಬೇಟೆಗೆ ಗುರಿಯಾಗುವ ಪ್ರಾಣಿ. ಅದರ ದೇಹರಚನೆಯೆಲ್ಲ ಓಡಿ ಪಾರಾಗುವುದಕ್ಕಾಗಿಯೇ ಇದೆ. ಹುಟ್ಟಿದ ಒಂದೆರಡು ಗಂಟೆಗಳಲ್ಲೇ ಮರಿ ಎದ್ದು ನಿಲ್ಲುತ್ತದೆ. ತಲೆಯ ಎರಡು ಬದಿಗಿರುವ ಕಣ್ಣುಗಳಿಂದ ಸುಮಾರು 350 ಡಿಗ್ರಿಯಷ್ಟು ಸುತ್ತಲಿನ ನೋಟ ಕಾಣುತ್ತದೆ. ಆದರೆ ನೇರವಾಗಿ ಹಣೆಯ ಮುಂದೆ ಮತ್ತು ಬಾಲದ ಹಿಂದೆ ಇರುವುದು ಅದಕ್ಕೆ ಕಾಣಿಸದು. ಹಿಂದಿನಿಂದ ಹೋದವನು ಒದೆ ತಿನ್ನುವುದು ಅದಕ್ಕೇ. ಎರಡು ಕಿವಿಗಳೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಇಂಥ ಪ್ರಾಣಿಗೆ ಬೆನ್ನ ಮೇಲೆ ಏನಾದರೂ ಹತ್ತಿ ಕೂರುವುದೆಂದರೆ ಹುಲಿ ಎರಗಿದಂತೆಯೇ ಸರಿ.

ಆದ್ದರಿಂದಲೇ ಪಾಠ ನೆಲದಲ್ಲಿ ಆರಂಭವಾಗುತ್ತದೆ. ಮೊದಲು ಮನುಷ್ಯನ ಹತ್ತಿರ ಬರುವುದು, ಮೈ ಮುಟ್ಟಿಸಿಕೊಳ್ಳುವುದು. ಆಮೇಲೆ ಮುಖಕ್ಕೆ ಹಗ್ಗ ಹಾಕಿಸಿಕೊಂಡು ಜೊತೆಯಲ್ಲಿ ನಡೆಯುವುದು, ಹೇಳಿದಲ್ಲಿ ನಿಲ್ಲುವುದು, ಹಿಂದೆ ಸರಿಯುವುದು, ಒಂದೊಂದೇ ಕಾಲೆತ್ತಿ ಗೊರಸನ್ನು ಶುಚಿಗೊಳಿಸಲು ಬಿಡುವುದು. ಬಳಿಕ ಉದ್ದ ಹಗ್ಗದ ತುದಿಯಲ್ಲಿ ವೃತ್ತಾಕಾರವಾಗಿ ನಡಿಗೆ, ಓಟ. ಕೊನೆಗೆ ಜೀನು. ಈ ಮೆಟ್ಟಿಲುಗಳನ್ನು ಹಾರಿ ನೇರವಾಗಿ ಬೆನ್ನೇರಿದವನಿಗೆ ಸಿಗುವುದು ಹೆದರಿದ ಕುದುರೆ. ಹೆದರಿದ ಕುದುರೆ ಅಪಾಯದ ಕುದುರೆ.

ಕನ್ನಡದ ಒಂದು ಮಾತು ಇಲ್ಲಿ ನೆನಪಾಗುತ್ತದೆ. ಕುದುರೆಯನ್ನು ನಾವು 'ಪಳಗಿಸುತ್ತೇವೆ'. ಹೊಸ ಕಬ್ಬಿಣದ ಕಾವಲಿಯನ್ನೂ ಪಳಗಿಸುತ್ತೇವೆ. ಕಾವಲಿ ಬಡಿದರೆ ಪಳಗುವುದಿಲ್ಲ. ಎಣ್ಣೆ ಸವರಿ, ಹದವಾಗಿ ಕಾಯಿಸಿ, ದಿನಗಟ್ಟಲೆ ಕಾದರೆ ಮಾತ್ರ ದೋಸೆ ಎದ್ದು ಬರುತ್ತದೆ. ಈ ಅರಿವು ನಮ್ಮ ಭಾಷೆಯಲ್ಲೇ ಅಡಗಿದೆ.

ಸಾಮ, ದಾನ, ಭೇದ, ದಂಡ

ಕುದುರೆ ಪಳಗಿಸುವ ಬಗೆಗಿನ ಅತಿ ಹಳೆಯ ಬರಹಗಳಲ್ಲಿ ಒಂದು ಇಂದಿನ ಟರ್ಕಿಯ ಹಟ್ಟೂಷ ನಗರದ ಅವಶೇಷಗಳಲ್ಲಿ ಮಣ್ಣಿನ ಫಲಕಗಳ ಮೇಲೆ ಸಿಕ್ಕಿತು. ಬರೆಸಿದವನು ಮಿತನ್ನಿ ರಾಜ್ಯದ ಕಿಕ್ಕುಲಿ. ಕಾಲ ಕ್ರಿಸ್ತಪೂರ್ವ 14ನೇ ಶತಮಾನ. ಕುದುರೆಯನ್ನು ಎಷ್ಟು ಸುತ್ತು ಓಡಿಸಬೇಕೆಂದು ಹೇಳುವಾಗ ಅವನು ಬಳಸಿದ ಮಾತುಗಳು ಅಚ್ಚರಿ ಹುಟ್ಟಿಸುತ್ತವೆ. ಏಕ, ಪಂಚ, ಸಪ್ತ, ನವ ಎಂಬ ಸಂಖ್ಯೆಗಳೂ ಸುತ್ತು ಎಂಬರ್ಥದ 'ವರ್ತನ'ವೂ ಅಲ್ಲಿ ತುಸು ಬದಲಾದ ರೂಪದಲ್ಲಿವೆ!

ಭಾರತದಲ್ಲಿ ಕುದುರೆಯ ವಿದ್ಯೆಗೆ ಶಾಲಿಹೋತ್ರನ ಹೆಸರೇ ನಿಂತಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗಾಗಿಯೇ ಒಂದು ಅಧ್ಯಾಯವಿದೆ. ಈ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಬೆಳಕಿಗೆ ತಂದು, 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು. ಸವಾರಿಯ ಕುದುರೆ ಕಲಿಯಬೇಕಾದ ಚಲನೆಗಳನ್ನು ಅದು ಪಟ್ಟಿ ಮಾಡುತ್ತದೆ. ಅದರಲ್ಲಿ ಜಿಗಿತ, ಓಟಗಳ ಸಾಲಿನಲ್ಲೇ ಸನ್ನೆಗೆ ತಕ್ಕಂತೆ ನಡೆದುಕೊಳ್ಳುವುದೂ ಸೇರಿದೆ. ಯುದ್ಧ, ರೋಗ, ಮುಪ್ಪುಗಳಿಂದ ಕೆಲಸಕ್ಕೆ ಬಾರದಾದ ಕುದುರೆಗಳಿಗೂ ಆಹಾರ ಸಲ್ಲಬೇಕೆಂಬ ವಿಧಿ ಅಲ್ಲಿದೆ.

ಕರ್ನಾಟಕದ ಅರಸನೊಬ್ಬ ಈ ವಿಷಯವನ್ನು ತಾನೇ ಕೈಗೆತ್ತಿಕೊಂಡ. ಕಲ್ಯಾಣದ, ಅಂದರೆ ಇಂದಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ಅಡುಗೆ, ಸಂಗೀತಗಳ ಜೊತೆಗೆ ಕುದುರೆಯ ಲಕ್ಷಣ, ಆರೈಕೆ, ಕುದುರೆಯೇರಿ ಆಡುವ ಚೆಂಡಾಟಗಳೂ ಬರುತ್ತವೆ. ಕನ್ನಡದಲ್ಲೇ ಅಭಿನವಚಂದ್ರನ 'ಅಶ್ವಶಾಸ್ತ್ರ', ಪದ್ಮಣ ಪಂಡಿತನ 'ಹಯಸಾರ ಸಮುಚ್ಚಯ' ಹುಟ್ಟಿಕೊಂಡವು. ಕುದುರೆಯ ವಿದ್ಯೆ ಲಾಯದವರ ಬಾಯಿಮಾತಾಗಿ ಉಳಿಯದೆ ಶಾಸ್ತ್ರವಾಗಿತ್ತು ಎಂಬುದಕ್ಕೆ ಇವು ಸಾಕ್ಷಿ.

ಗ್ರೀಸಿನಲ್ಲಿ ಕ್ರಿಸ್ತಪೂರ್ವ 4ನೇ ಶತಮಾನದ ಸೇನಾನಿ ಕ್ಸೆನೊಫೋನ್ ಬರೆದ ಕುದುರೆ ಸವಾರಿಯ ಕೈಪಿಡಿ ಇಂದಿಗೂ ಹೊಸತೆನಿಸುತ್ತದೆ. ಹಸಿವು, ಬಾಯಾರಿಕೆ, ನೊಣದ ಕಾಟ ಒಂಟಿಯಾಗಿದ್ದಾಗ ಬರುವಂತೆಯೂ, ಮೇವು, ನೀರು, ನೆಮ್ಮದಿ ಮನುಷ್ಯನಿಂದ ಸಿಗುವಂತೆಯೂ ಮರಿಯನ್ನು ಬೆಳೆಸಬೇಕು ಎಂಬುದು ಅವನ ಸಲಹೆ. ಹಾಗೆ ಬೆಳೆದ ಕುದುರೆ ಮನುಷ್ಯನನ್ನು ಕಂಡರೆ ಓಡುವುದಿಲ್ಲ, ಹುಡುಕಿಕೊಂಡು ಬರುತ್ತದೆ. ಕೋಪ ಬಂದಾಗ ಕುದುರೆಯ ಹತ್ತಿರ ಹೋಗಬೇಡಿ ಎಂಬ ಎಚ್ಚರಿಕೆಯೂ ಅವನದೇ.

ನಮ್ಮವರು ಹೇಳಿದ ನಾಲ್ಕು ಉಪಾಯಗಳಲ್ಲಿ ದಂಡ ಬರುವುದು ಕೊನೆಗೆ. ಸಾಮ ಮತ್ತು ದಾನ ಮೊದಲು. ಆದರೆ ಬಳಕೆಯಲ್ಲಿ 'ದಂಡಂ ದಶಗುಣಂ' ಎಂಬ ಮಾತೇ ಹೆಚ್ಚು ಸಲ್ಲಿತು. ಚಾವಟಿ, ಮುಳ್ಳಿನ ಕಡಿವಾಣಗಳು ಲಾಯದ ಸಾಮಾನ್ಯ ಸಲಕರಣೆಗಳಾದವು. ಹೊಡೆತದ ಫಲ ತಕ್ಷಣ ಕಣ್ಣಿಗೆ ಕಾಣುತ್ತದೆ, ತಾಳ್ಮೆಯದು ನಿಧಾನವಾಗಿ ಕಾಣುತ್ತದೆ ಎಂಬುದೇ ಇದಕ್ಕೆ ಕಾರಣವಿರಬೇಕು.

ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯನ್ನು ನೋಡಿದವರಿಗೆ ಇನ್ನೊಂದು ಚಿತ್ರ ಸಿಗುತ್ತದೆ. ಅಲ್ಲಿ ಕುದುರೆಗಳು ಸಾಲುಸಾಲಾಗಿ ನಡೆದಿವೆ. ಪಕ್ಕದಲ್ಲಿ ಕಾಲ್ನಡಿಗೆಯ ಆಳುಗಳು ಅವನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ಚರಿತ್ರೆ ಹೆಸರು ಬರೆಯದೆ ಬಿಟ್ಟವರು ಅವರೇ. ಶಿಲ್ಪಿ ಮಾತ್ರ ಅವರನ್ನು ಮರೆಯಲಿಲ್ಲ.

ಲೆಕ್ಕ ಮಾಡಿದ ಕುದುರೆ

ಪ್ರಾಣಿ ಕಲಿಯುವುದು ಹೇಗೆಂಬ ಪ್ರಶ್ನೆ ಪ್ರಯೋಗಶಾಲೆಗೆ ಬಂದದ್ದು 19ನೇ ಶತಮಾನದ ಕೊನೆಗೆ. ಅಮೆರಿಕದ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಹಿತವಾದ ಫಲ ಕೊಟ್ಟ ವರ್ತನೆಯೇ ಮತ್ತೆ ಮತ್ತೆ ಬರುತ್ತದೆಂದು ತೋರಿಸಿದ.

ಅಷ್ಟರಲ್ಲಿ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಜಗತ್ತನ್ನೇ ಬೆರಗುಗೊಳಿಸಿತು. ನಿವೃತ್ತ ಶಾಲಾ ಶಿಕ್ಷಕ ಫಾನ್ ಓಸ್ಟೆನ್ ಅದಕ್ಕೆ ತಿನಿಸು ಕೊಟ್ಟು ಕೊಟ್ಟು ಲೆಕ್ಕ ಕಲಿಸಿದ್ದ. ಕೂಡುವ, ಕಳೆಯುವ ಲೆಕ್ಕಕ್ಕೆ ಹಾನ್ಸ್ ಗೊರಸು ಕುಟ್ಟಿ ಸರಿಯಾಗಿ ಉತ್ತರಿಸುತ್ತಿತ್ತು. 1904ರಲ್ಲಿ ಪರೀಕ್ಷಿಸಿದ ತಜ್ಞರ ಸಮಿತಿಗೂ ಮೋಸ ಕಾಣಲಿಲ್ಲ. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ ಗುಟ್ಟನ್ನು ಬಿಡಿಸಿ 1907ರಲ್ಲಿ ಪ್ರಕಟಿಸಿದ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆ ತಪ್ಪುತ್ತಿತ್ತು! ಸರಿ ಸಂಖ್ಯೆ ಬಂದಾಗ ಕೇಳುವವನ ತಲೆ ಅವನಿಗೇ ತಿಳಿಯದಂತೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ಗುರುತಿಸಿ ಕುಟ್ಟುವುದನ್ನು ನಿಲ್ಲಿಸುತ್ತಿತ್ತು.

ಜನ ಇದನ್ನು ಕುದುರೆಯ ಸೋಲೆಂದರು. ನಿಜವಾಗಿ ಅದು ಕುದುರೆಯ ಗೆಲುವು. ಇಷ್ಟು ಸೂಕ್ಷ್ಮವಾಗಿ ನಮ್ಮ ಮೈಯನ್ನು ಓದಬಲ್ಲ ಪ್ರಾಣಿಗೆ ಚಾವಟಿಯ ಭಾಷೆ ಯಾಕೆ ಬೇಕು?

ಮುಂದೆ ಬಿ.ಎಫ್. ಸ್ಕಿನ್ನರ್ ಈ ಕಲಿಕೆಯ ನಿಯಮಗಳನ್ನು ವಿವರವಾಗಿ ರೂಪಿಸಿದ. ಅವನ ಶಿಷ್ಯರಾದ ಬ್ರೆಲೆಂಡ್ ದಂಪತಿ 1940ರ ದಶಕದಲ್ಲಿ ಅದನ್ನು ಪ್ರಾಣಿಗಳ ತರಬೇತಿಗೆ ಅಳವಡಿಸಿದರು. 1960ರ ದಶಕದಲ್ಲಿ ಹವಾಯಿಯಲ್ಲಿ ಕರೆನ್ ಪ್ರಯರ್ ಡಾಲ್ಫಿನ್‌ಗಳಿಗೆ ಸೀಟಿ ಮತ್ತು ಮೀನಿನಿಂದ ಪಾಠ ಹೇಳಿದರು. ಡಾಲ್ಫಿನ್‌ಗೆ ಮೂಗುದಾರ ಹಾಕುವಂತಿಲ್ಲ. ಹೊಡೆದರೆ ಈಜಿ ದೂರ ಹೋಗುತ್ತದೆ. ದಂಡಕ್ಕೆ ಎಡೆಯೇ ಇಲ್ಲದ ಕಡೆ ದಾನದಿಂದ ಎಷ್ಟು ಸಾಧ್ಯ ಎಂಬುದು ಅಲ್ಲಿ ಸಾಬೀತಾಯಿತು. ಆ ವಿಧಾನ ನಾಯಿಗೆ ಬಂತು, 1990ರ ದಶಕದಲ್ಲಿ ಕುದುರೆ ಲಾಯಕ್ಕೂ ಬಂತು.

ಕ್ರಮ ಸರಳ. ತರಬೇತುದಾರನ ಕೈಯಲ್ಲಿ 'ಟಿಕ್' ಎಂದು ಸದ್ದು ಮಾಡುವ ಪುಟ್ಟ ಸಾಧನ. ಸದ್ದಾದೊಡನೆ ತಿನಿಸು ಎಂಬುದನ್ನು ಕುದುರೆ ಮೊದಲು ಕಲಿಯುತ್ತದೆ. ಬಳಿಕ ಕೋಲಿನ ತುದಿಗೆ ಕಟ್ಟಿದ ಚೆಂಡನ್ನು ಮುಂದೆ ಹಿಡಿಯುತ್ತಾರೆ. ಕುತೂಹಲದಿಂದ ಕುದುರೆ ಮೂತಿ ತಾಗಿಸಿದ ಗಳಿಗೆಗೇ 'ಟಿಕ್', ಕೂಡಲೇ ಒಂದು ತುತ್ತು. ಕೆಲವೇ ಸಲಕ್ಕೆ ಅದು ಚೆಂಡನ್ನು ಹುಡುಕಿ ಮುಟ್ಟುತ್ತದೆ. ಚೆಂಡನ್ನು ಸರಿಸಿದರೆ ಹಿಂದೆಯೇ ನಡೆಯುತ್ತದೆ. ಹಗ್ಗ ಎಳೆಯದೆ ನಡೆಸುವ ವಿದ್ಯೆ ಇದು. ಸಾಗಾಟದ ವಾಹನ ಹತ್ತುವುದಾಗಲಿ, ಸೂಜಿ ಚುಚ್ಚಿಸಿಕೊಳ್ಳುವುದಾಗಲಿ, ಕಷ್ಟದ ಕೆಲಸವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಇದೇ ರೀತಿ ಕಲಿಸಬಹುದು.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ತಿನಿಸಿನ ಆಸೆಗೆ ಕುದುರೆ ಜೇಬಿಗೆ ಮೂತಿ ತೂರಿಸಬಹುದು, ಕಚ್ಚಲೂಬಹುದು. ಆದ್ದರಿಂದಲೇ ಮೊದಲ ಪಾಠ ಶಿಸ್ತಿನದು. ಮುಖವನ್ನು ಆಚೆ ತಿರುಗಿಸಿ ಸುಮ್ಮನೆ ನಿಂತರೆ ಮಾತ್ರ ತುತ್ತು. ಕುದುರೆಯ ಜಠರ ಚಿಕ್ಕದು, ವಾಂತಿ ಮಾಡುವ ಶಕ್ತಿಯೂ ಅದಕ್ಕಿಲ್ಲ. ಕಾಳು ಹೆಚ್ಚಾದರೆ ಹೊಟ್ಟೆಶೂಲೆಯಿಂದ ಪ್ರಾಣವೇ ಹೋಗಬಹುದು. ಹಾಗಾಗಿ ಬಕೀಟಲ್ಲ, ಹಿಡಿಯೂ ಅಲ್ಲ, ಚಿಟಿಕೆ ಚಿಟಿಕೆಯಾಗಿ ಕೊಡಬೇಕು. ತಿನಿಸೇ ಆಗಬೇಕೆಂದೂ ಇಲ್ಲ. ಕುತ್ತಿಗೆ ಬೆನ್ನು ಸೇರುವ ಉಬ್ಬಿನಲ್ಲಿ ಕೆರೆದರೆ ಕುದುರೆಯ ಹೃದಯ ಬಡಿತ ಇಳಿಯುತ್ತದೆ ಎಂದು 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಕುದುರೆಗಳು ಪರಸ್ಪರ ಪ್ರೀತಿ ತೋರುವುದೂ ಅಲ್ಲೇ ಕೆರೆದುಕೊಂಡು.

ಕುಶಾಲತೋಪಿನ ಎದುರು

ಕುದುರೆಯ ಅಂಜಿಕೆಯನ್ನು ನೆಲದಲ್ಲೇ ಬಿಡಿಸುವ ಕೆಲಸವನ್ನು ಕಣ್ಣಾರೆ ಕಾಣಬೇಕಾದರೆ ದಸರೆಗೆ ಮುನ್ನ ಮೈಸೂರಿಗೆ ಹೋಗಬೇಕು. ವಿಜಯದಶಮಿಯಂದು ಏಳು ಫಿರಂಗಿಗಳಿಂದ 21 ಕುಶಾಲತೋಪು ಹಾರುತ್ತವೆ. ಆ ಸದ್ದಿಗೆ ಜನಜಂಗುಳಿಯ ನಡುವೆ ಒಂದು ಕುದುರೆ ಬೆದರಿದರೂ ಅನಾಹುತ. ಅದಕ್ಕಾಗಿ ಆನೆಗಳನ್ನೂ ಪೊಲೀಸ್ ಅಶ್ವದಳದ ಕುದುರೆಗಳನ್ನೂ ಮೊದಲೇ ಮೈದಾನಕ್ಕೆ ತಂದು ಫಿರಂಗಿ ಹಾರಿಸಿ ತಾಲೀಮು ನಡೆಸುತ್ತಾರೆ. ಹೊಸದಾಗಿ ಬಂದವು ಬೆಚ್ಚುತ್ತವೆ. ಹಳಬರು ಅಲುಗದೆ ನಿಲ್ಲುತ್ತಾರೆ. ಮೈದಡವುವ ಪರಿಚಿತ ಕೈ ಪಕ್ಕದಲ್ಲೇ ಇರುತ್ತದೆ. ಸದ್ದಿನಿಂದ ಕೇಡಾಗಲಿಲ್ಲ ಎಂಬುದು ತಾಲೀಮಿನಿಂದ ತಾಲೀಮಿಗೆ ಮನದಟ್ಟಾಗುತ್ತದೆ.

ಮೈಸೂರಿಗೆ ಈ ವಿದ್ಯೆ ಹೊಸತಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಅಶ್ವದಳಗಳು ಹೈಫಾ ನಗರವನ್ನು ಗೆದ್ದವು. ಎದುರಿಗೆ ಫಿರಂಗಿ, ಮೆಷಿನ್‌ಗನ್‌ಗಳಿದ್ದವು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರು ಹೈದರಾಬಾದ್, ಮೈಸೂರು, ಜೋಧಪುರದ ಆ ಸವಾರರ ನೆನಪು. ಓಡಿ ಪಾರಾಗುವುದಕ್ಕೆಂದೇ ಹುಟ್ಟಿದ ಪ್ರಾಣಿ ಗುಂಡಿನ ಮಳೆಗೆ ಎದುರಾಗಿ ಓಡಿತೆಂದರೆ, ಬೆನ್ನ ಮೇಲಿದ್ದವನ ಮೇಲೆ ಅದಕ್ಕಿದ್ದ ನಂಬಿಕೆ ಎಂಥದ್ದು! ಆ ನಂಬಿಕೆಗೆ ಮನುಷ್ಯ ಸಲ್ಲಿಸಿದ ಬೆಲೆ ಸಾಕೇ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ.

ಮತ್ತೆ ಕರೆಯ ಬದಿಗೆ

ಈ ಪ್ರಶ್ನೆ ಮಂಗಳೂರಿಗೆ ದೂರದ್ದಲ್ಲ. ಪ್ರಾಣಿಯನ್ನು ಓಡಿಸಲು ಹೊಡೆಯಬೇಕೇ ಎಂಬ ವಾದ ಕಳೆದ ದಶಕದಲ್ಲಿ ಇಲ್ಲಿನ ಮನೆಮನೆಯಲ್ಲೂ ನಡೆದಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ತೀರ್ಪು ನೀಡುತ್ತ, ಭಯ ಮತ್ತು ಸಂಕಟದಿಂದ ಮುಕ್ತವಾಗಿರುವುದು ಪ್ರಾಣಿಗಳಿಗೆ ಸಲ್ಲಬೇಕಾದ ಸ್ವಾತಂತ್ರ್ಯಗಳಲ್ಲಿ ಒಂದೆಂದು ಹೇಳಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ರಾಜ್ಯ ಸರಕಾರ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕಂಬಳ ಉಳಿಯಿತು. ಆದರೆ ಬೆತ್ತದ ಪ್ರಶ್ನೆ ಕರೆಯ ಬದಿಯಲ್ಲೇ ನಿಂತಿದೆ.

ಕಾನೂನು ಹೇಳಬಹುದಾದದ್ದು ಬೇಡಗಳನ್ನು ಮಾತ್ರ. ಮುಳ್ಳಿನ ಕೋಲು, ಮುಳ್ಳಿನ ಕಡಿವಾಣ ಬೇಡವೆಂದು 1965ರಲ್ಲೇ ಕೇಂದ್ರ ಸರಕಾರ ನಿಯಮ ಮಾಡಿದೆ. ಬೇಡವಾದದ್ದನ್ನು ಬಿಟ್ಟ ಮೇಲೆ ಅದರ ಜಾಗದಲ್ಲಿ ಏನು ಎಂಬುದನ್ನು ಕಾನೂನು ಕಲಿಸಲಾರದು. ಅದನ್ನು ಕಲಿಸಬಲ್ಲವರು ಪ್ರಾಣಿಯ ಪಕ್ಕದಲ್ಲಿ ನಿಲ್ಲುವವರು.

ಕೋಣ ಕುದುರೆಯಲ್ಲ, ನಿಜ. ಅದರ ಸ್ವಭಾವ ಬೇರೆ, ಓಟದ ಬಗೆ ಬೇರೆ. ಆದರೆ ಹಿತವಾದದ್ದರ ಕಡೆಗೆ ನಡೆಯುವುದು, ನೋವಿನಿಂದ ದೂರ ಸರಿಯುವುದು ಎರಡಕ್ಕೂ ಒಂದೇ. ವರ್ಷವಿಡೀ ಕೋಣಗಳನ್ನು ಮಕ್ಕಳಂತೆ ಸಾಕಿ, ಎಣ್ಣೆ ತಿಕ್ಕಿ ಮೀಯಿಸಿ, ಹುರುಳಿ ಬೇಯಿಸಿ ಹಾಕುವ ಮನೆಗಳು ಕರಾವಳಿಯಲ್ಲಿ ಅನೇಕ ಇವೆ. ಆ ಕೋಣಗಳು ಮನೆಯವರ ದನಿ ಕೇಳಿದರೆ ತಲೆಯೆತ್ತುತ್ತವೆ. ಸಾಮ, ದಾನಗಳ ಅರ್ಧ ಪಾಠ ಹಟ್ಟಿಯಲ್ಲಿ ಆಗಲೇ ಮುಗಿದಿದೆ. ಉಳಿದರ್ಧವನ್ನು ಹಟ್ಟಿಯಿಂದ ಕರೆಯವರೆಗೆ ಕೊಂಡೊಯ್ಯಲು ಸಾಧ್ಯವೇ ಎಂಬುದಷ್ಟೇ ಈಗಿನ ಪ್ರಶ್ನೆ.

ಆರು ಶತಮಾನಗಳ ಹಿಂದೆ ಈ ಕಡಲ ತೀರದಲ್ಲಿ ಕಡಲು ಕಂಡು ಕಂಗೆಟ್ಟ ಕುದುರೆಗಳು ಇಳಿದಾಗ, ಅವುಗಳ ಮೊದಲ ಹೆಜ್ಜೆಗೆ ಜೊತೆಯಾದವನು ರಾವುತನಲ್ಲ, ಹೆಸರಿಲ್ಲದ ಒಬ್ಬ ಆಳು. ಅವನ ಒಂದು ಕೈಯಲ್ಲಿ ಹಗ್ಗವಿತ್ತು. ಇನ್ನೊಂದು ಕೈಯಲ್ಲಿ ಚಾವಟಿಯಿರಬೇಕೋ ಹುರುಳಿಯಿರಬೇಕೋ ಎಂಬುದನ್ನು ಅವನೇ ನಿರ್ಧರಿಸಬೇಕಿತ್ತು. ಇಂದಿಗೂ ಪ್ರಾಣಿಯ ಎದುರು ನಿಂತ ಪ್ರತಿಯೊಬ್ಬನ ಮುಂದಿರುವ ಆಯ್ಕೆ ಅದೇ.